ಸರ್ಕಾರ ಮನೆಯನ್ನು ಕೇಳಿದಾಗ: ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಕುಟುಂಬ ಮಾಡಬೇಕಾದ ಕೆಲಸಗಳು

ಮಂಡ್ಯ ಜಿಲ್ಲೆಯಲ್ಲಿದ್ದ ನಮ್ಮ ಹಿರಿಯರ ಮನೆಯ ಜಗಲಿ ಕಂಬಕ್ಕೆ ಸರ್ವೆಯವರು ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋದ ದಿನ ಮನೆಯಲ್ಲಿದ್ದವರು ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಕೆಲವು ತಿಂಗಳ ಬಳಿಕ ಕಚೇರಿಯ ಸಿಬ್ಬಂದಿಯೊಬ್ಬರು ಕಾಗದವೊಂದನ್ನು ತಂದಾಗ ದೊಡ್ಡಪ್ಪ ಕನ್ನಡಕ ಹುಡುಕಿಕೊಂಡು ಬಂದು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ಅಳತೆಯ ವೇಳೆ ತಾವು ಹಾಜರಿದ್ದುದಕ್ಕೆ ಆ ಸಹಿ ಎಂದು ಅವರು ತಿಳಿದಿದ್ದರು. ಕಾಗದದ ತಲೆಬರಹದಲ್ಲಿ ಮಾತ್ರ ಸಮ್ಮತಿ ಪತ್ರವೆಂದು ಅಚ್ಚಾಗಿತ್ತು. ರಸ್ತೆಗೆ ಜಗಲಿಯೂ ನಡುಮನೆಯೂ ಹೋದವು, ಅಡುಗೆಮನೆ ಮತ್ತು ಹಿತ್ತಲು ಉಳಿದವು, ಉಳಿದ ಭಾಗಕ್ಕೆ ಒಳಗೆ ಹೋಗಲು ಬಾಗಿಲೇ ಇರಲಿಲ್ಲ. ಹೀಗೆ ಅರ್ಧ ಮನೆ ಹೋಗುವಾಗ ಇಡೀ ಮನೆಯನ್ನೇ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕು ಕಾಯ್ದೆಯಲ್ಲಿ ಇದೆ ಎಂಬುದು ನಮಗೆ ತಿಳಿದದ್ದು ಹಣ ಬ್ಯಾಂಕಿಗೆ ಬಂದು ಹಂಚಿಹೋದ ಮೇಲೆ.

ಆ ಕಚೇರಿಯನ್ನು ದೂರುವುದಕ್ಕಿಂತ ನಾವು ಯಾವ ಕೆಲಸಗಳನ್ನು ಮಾಡದೆ ಬಿಟ್ಟೆವು ಎಂಬುದನ್ನು ಬರೆದಿಡುವುದು ಹೆಚ್ಚು ಉಪಯುಕ್ತವೆಂದು ಅನ್ನಿಸಿದ್ದರಿಂದ ಈ ಲೇಖನ. ಮೈಸೂರು ಮತ್ತು ಮಂಡ್ಯದ ಕಡೆ ಹೆದ್ದಾರಿ, ರೈಲು, ವಿಮಾನ ನಿಲ್ದಾಣ, ಬಡಾವಣೆ, ನಾಲೆ ಎಂದು ಒಂದಿಲ್ಲೊಂದು ಕಾರಣಕ್ಕೆ ಮನೆ ಕೇಳುವುದು ಹೊಸದೇನಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟಿಗಾಗಿ ಹಳೆಯ ಕನ್ನಂಬಾಡಿ ಊರಿಗೆ ಊರೇ ನೀರಿನಡಿ ಸೇರಿತು. ಪ್ಲೇಗಿನ ನಂತರ 1903ರಲ್ಲಿ ಸ್ಥಾಪನೆಯಾದ ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕಾಲದಲ್ಲಿ ಇಕ್ಕಟ್ಟಾದ ಕೇರಿಗಳು ತೆರವಾಗಿ ಹೊಸ ಬಡಾವಣೆಗಳು ಎದ್ದವು. ಅಂದಿನವರಿಗೆ ಇಲ್ಲದ ಒಂದು ಅನುಕೂಲ ಇಂದಿನವರಿಗಿದೆ. 1894ರ ಭೂಸ್ವಾಧೀನ ಕಾಯ್ದೆಯ ಬದಲಿಗೆ ಬಂದ 2013ರ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ, ಮತ್ತು ಮನೆ ಕಳೆದುಕೊಳ್ಳುವವರಿಗೆ ಏನೇನು ಸಿಗಬೇಕೆಂಬುದನ್ನು ಅದು ಅಂಕಿಗಳಲ್ಲಿಯೇ ಬರೆದಿಟ್ಟಿದೆ. ಕಚೇರಿಯವರು ಹೇಳುವ ದರವನ್ನು ನೆರೆಮನೆಯವರ ಮಾತಿನೊಡನೆ ಹೋಲಿಸುವ ಬದಲು ಆ ಅಂಕಿಗಳೊಡನೆ ಹೋಲಿಸಿದರೆ ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆಯ ಬಹುಭಾಗ ತಾನಾಗಿ ಬಗೆಹರಿಯುತ್ತದೆ.

ಮೊದಲ ಹೆಜ್ಜೆ: ಕಾಗದ ಯಾವ ಕಾಯ್ದೆಯದು ಎಂದು ನೋಡುವುದು

ಮನೆಗೆ ಬಂದ ಕಾಗದದ ಮೇಲ್ಭಾಗದಲ್ಲಿ ಕಾಯ್ದೆಯ ಹೆಸರು ಮತ್ತು ಕಲಂ ಸಂಖ್ಯೆ ಇರುತ್ತದೆ. ಅದನ್ನು ಮೊದಲು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದುಕೊಳ್ಳಿ, ಏಕೆಂದರೆ ಮುಂದಿನ ಎಲ್ಲ ಗಡುವುಗಳೂ ಅದರ ಮೇಲೆಯೇ ನಿಂತಿವೆ.

2013ರ ಕಾಯ್ದೆಯ 11ನೆಯ ಕಲಮಿನ ಪ್ರಾಥಮಿಕ ಅಧಿಸೂಚನೆಯಾಗಿದ್ದರೆ ಅದು ಪ್ರಕಟವಾದ ದಿನದಿಂದ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಮತ್ತು ಆಕ್ಷೇಪಿಸಿದವರ ಅಹವಾಲನ್ನು ಖುದ್ದಾಗಿ ಕೇಳಲೇಬೇಕು. ಅಧಿಸೂಚನೆಯ ನಂತರ 12 ತಿಂಗಳೊಳಗೆ 19ನೆಯ ಕಲಮಿನ ಅಂತಿಮ ಘೋಷಣೆಯೂ, ಅಲ್ಲಿಂದ 12 ತಿಂಗಳೊಳಗೆ ಐತೀರ್ಪೂ (ಪರಿಹಾರವನ್ನು ನಿಗದಿಪಡಿಸುವ ಅಧಿಕೃತ ಆದೇಶ) ಆಗಬೇಕೆಂಬುದು ಸಾಮಾನ್ಯ ನಿಯಮ. ಸರ್ಕಾರ ಕಾರಣ ದಾಖಲಿಸಿ ಅವಧಿಯನ್ನು ವಿಸ್ತರಿಸಬಹುದು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಅಡಿಯಲ್ಲಿ ಬಂದ ಕಾಗದವಾದರೆ ಆಕ್ಷೇಪಣೆಗೆ ಸಿಗುವುದು 21 ದಿನ ಮಾತ್ರ, ಮತ್ತು ಆ ಕಾಯ್ದೆಯ 3ಡಿ ಕಲಮಿನ ಅಂತಿಮ ಅಧಿಸೂಚನೆ ಹೊರಟ ದಿನವೇ ಜಾಗ ಕೇಂದ್ರ ಸರ್ಕಾರಕ್ಕೆ ಸೇರಿಬಿಡುತ್ತದೆ. ಬೆಂಗಳೂರು ಮೈಸೂರು ಹೆದ್ದಾರಿಯ ಅಗಲೀಕರಣದ ಕಾಲದಲ್ಲಿ ಮದ್ದೂರು, ಶ್ರೀರಂಗಪಟ್ಟಣದ ಕಡೆಯವರು ಕಂಡದ್ದು ಈ ಕಾಯ್ದೆಯನ್ನೇ. ಆ ಹಂತ ದಾಟಿದ ಮೇಲೆ ಕೊಡುವುದೇ ಇಲ್ಲ ಎಂಬ ಮಾತಿಗೆ ಕಾನೂನಿನ ಬಲ ಬಹಳ ಕಡಿಮೆ. ದರದ ಬಗ್ಗೆ ಮಾತ್ರ ಮಧ್ಯಸ್ಥಗಾರರ ಮುಂದೆ ವಾದಿಸಬಹುದು. ಹೆದ್ದಾರಿಗೆ ಹೋದ ಜಾಗಕ್ಕೂ ಸಾಂತ್ವನ ಧನ (ಕಡ್ಡಾಯವಾಗಿ ಬಿಟ್ಟುಕೊಡಬೇಕಾದುದಕ್ಕೆ ಬೆಲೆಯ ಮೇಲೆ ಕೊಡುವ ಹೆಚ್ಚಿನ ಹಣ) ಮತ್ತು ಬಡ್ಡಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿದೆ.

ಕೈಗಾರಿಕಾ ಪ್ರದೇಶಕ್ಕೆ ಬೇಕಾದ ಜಾಗವಾದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966 ಅನ್ವಯಿಸುತ್ತದೆ, ಮತ್ತು ಅದರ 29(2)ನೆಯ ಕಲಮಿನಲ್ಲಿ ಒಪ್ಪಂದದ ದರವೆಂಬ ದಾರಿಯಿದೆ. ನಗರದೊಳಗಿನ ರಸ್ತೆ ಅಗಲೀಕರಣದಲ್ಲಿ ನಗದಿನ ಬದಲು ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ, ಅಂದರೆ ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ಟಿ.ಡಿ.ಆರ್. ಕೊಡುತ್ತೇವೆ ಎಂದು ಹೇಳುವುದುಂಟು. ಬಡಾವಣೆ ರಚಿಸುವ ಪ್ರಾಧಿಕಾರಗಳು ಜಾಗದ ಬದಲು ಮುಂದೆ ಅಭಿವೃದ್ಧಿಯಾಗುವ ನಿವೇಶನದ ಭರವಸೆ ಕೊಡುವುದೂ ಉಂಟು. ಟಿ.ಡಿ.ಆರ್. ಕಾಗದವನ್ನು ಇಂದು ಕೊಳ್ಳುವವರು ಯಾರು, ಎಷ್ಟಕ್ಕೆ ಎಂಬುದನ್ನು ಇಬ್ಬರು ಕಟ್ಟಡ ಗುತ್ತಿಗೆದಾರರಲ್ಲಿ ವಿಚಾರಿಸದೆ ಅದನ್ನು ಹಣವೆಂದು ಲೆಕ್ಕ ಹಾಕಬಾರದು. ನಿವೇಶನದ ಭರವಸೆಯ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟುವಾದುದು: ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, ಚರಂಡಿ ಮತ್ತು ವಿದ್ಯುತ್ ಕಂಬ ಕಣ್ಣಿಗೆ ಬೀಳದ ಬಡಾವಣೆಯ ನಿವೇಶನಕ್ಕಾಗಿ ಇರುವ ಸೂರನ್ನು ಬಿಡಬೇಡಿ.

ನೇರ ಖರೀದಿ ಎಂಬುದು ಇವೆಲ್ಲಕ್ಕಿಂತ ಬೇರೆ. ಇಲ್ಲಿ ಸ್ವಾಧೀನದ ಅಧಿಸೂಚನೆ ಇಲ್ಲದೆ, ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ದರ ನಿಗದಿಪಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಮಾನ್ಯ ಕ್ರಯಪತ್ರದಂತೆಯೇ ನೋಂದಣಿ ನಡೆಯುತ್ತದೆ. ಇದಕ್ಕೆ ಒಲ್ಲೆ ಎನ್ನುವ ಪೂರ್ಣ ಸ್ವಾತಂತ್ರ್ಯ ಮಾಲೀಕರಿಗಿದೆ. ಒಲ್ಲೆ ಎಂದ ಮೇಲೆ ಸರ್ಕಾರ ನಕ್ಷೆಯನ್ನು ಬದಲಿಸಬಹುದು ಅಥವಾ ಕಡ್ಡಾಯ ಸ್ವಾಧೀನಕ್ಕೆ ಇಳಿಯಬಹುದು. ಆದ್ದರಿಂದ ಕಾಗದ ತಂದವರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆ ಇದು: ಇದು ಖರೀದಿಯೋ, ಸ್ವಾಧೀನದಲ್ಲಿನ ಸಮ್ಮತಿಯೋ? ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಹಿಂಬರಹದ, ಅಂದರೆ ಕಚೇರಿಯ ಲಿಖಿತ ಉತ್ತರದ ಮೂಲಕ ಪಡೆಯಿರಿ. ಮಂಡ್ಯ, ಪಾಂಡವಪುರ, ಮೈಸೂರು, ಹುಣಸೂರು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅಥವಾ ಆ ಯೋಜನೆಯ ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುವುದು ಅರ್ಧ ದಿನದ ಕೆಲಸ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ರಸ್ತೆಯ ನಕ್ಷೆ, ಜಂಟಿ ಅಳತೆಯ ವರದಿ, ಕಟ್ಟಡದ ಮೌಲ್ಯಮಾಪನ ಪಟ್ಟಿ ಇಷ್ಟನ್ನೂ ಅದರಲ್ಲಿ ಹೆಸರಿಸಿ ಕೇಳಿ. 30 ದಿನಗಳೊಳಗೆ ಉತ್ತರಿಸುವುದು ಅವರ ಕರ್ತವ್ಯ.

ಎರಡನೆಯ ಹೆಜ್ಜೆ: ನಿಮ್ಮ ಮನೆ ಹಳ್ಳಿಯದೋ ಪಟ್ಟಣದ್ದೋ

ಇದು ಕ್ಷುಲ್ಲಕ ಪ್ರಶ್ನೆಯಂತೆ ಕಂಡರೂ ಪರಿಹಾರದಲ್ಲಿ ಲಕ್ಷಾಂತರ ರೂಪಾಯಿಗಳ ವ್ಯತ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. 2013ರ ಕಾಯ್ದೆಯ ಮೊದಲ ಅನುಸೂಚಿಯ ಪ್ರಕಾರ ಜಾಗದ ಮಾರುಕಟ್ಟೆ ಬೆಲೆಯನ್ನು ನಗರ ಪ್ರದೇಶದಲ್ಲಿ 1ರಿಂದಲೂ ಗ್ರಾಮೀಣ ಪ್ರದೇಶದಲ್ಲಿ ದೂರಕ್ಕೆ ಅನುಗುಣವಾಗಿ 1ರಿಂದ 2ರವರೆಗಿನ ಸಂಖ್ಯೆಯಿಂದಲೂ ಗುಣಿಸಬೇಕು. ಮೈಸೂರಿನ ಸುತ್ತ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಈ ಊರುಗಳವರು ಮಾತಿನಲ್ಲಿ ಇಂದಿಗೂ ನಮ್ಮ ಹಳ್ಳಿ ಎಂದೇ ಅನ್ನುತ್ತಾರೆ, ಆದರೆ ಕಚೇರಿಯ ಕಡತದಲ್ಲಿ ಅವು ಪಟ್ಟಣಗಳು. ಅಧಿಸೂಚನೆ ಹೊರಟ ದಿನದಂದು ನಿಮ್ಮ ಊರು ಯಾವ ಸ್ಥಳೀಯ ಸಂಸ್ಥೆಗೆ ಸೇರಿತ್ತು ಎಂಬುದಕ್ಕೆ ಕಂದಾಯದ ರಶೀದಿಯನ್ನೂ ಇ-ಸ್ವತ್ತು ಅಥವಾ ಇ-ಖಾತೆಯ ಪ್ರತಿಯನ್ನೂ ತೆಗೆದಿಡಿ. ಗುಣಕವನ್ನು ತಪ್ಪಾಗಿ ಹಾಕಿದ್ದರೆ ಆಕ್ಷೇಪಿಸಲು ಅದೇ ಆಧಾರ.

ಮೂರನೆಯ ಹೆಜ್ಜೆ: ನಿಮ್ಮದೇ ಲೆಕ್ಕ ಹಾಕುವುದು

ಕಚೇರಿ ಹೇಳುವ ಒಟ್ಟು ಮೊತ್ತವನ್ನು ಕೇಳುವ ಮೊದಲೇ ಈ ಲೆಕ್ಕವನ್ನು ಮನೆಯಲ್ಲಿ ಹಾಕಿಟ್ಟುಕೊಂಡಿರಬೇಕು. ಮೊತ್ತವನ್ನು ಕೇಳಿದ ಮೇಲೆ ಮನಸ್ಸು ಅದರ ಸುತ್ತಲೇ ಸುತ್ತುತ್ತದೆ.

ಜಾಗದ ಮಾರುಕಟ್ಟೆ ಬೆಲೆಯನ್ನು ನಿರ್ಧರಿಸುವಾಗ ನೋಂದಣಿ ಇಲಾಖೆಯ ಮಾರ್ಗಸೂಚಿ ದರವನ್ನೂ, ಹತ್ತಿರದ ಅಂಥದೇ ಜಾಗಗಳು ಹಿಂದಿನ ಮೂರು ವರ್ಷಗಳಲ್ಲಿ ಮಾರಾಟವಾದ ಕ್ರಯಪತ್ರಗಳ ಪೈಕಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿಯನ್ನೂ ನೋಡಿ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ತೆಗೆದುಕೊಳ್ಳಬೇಕು. ಕರ್ನಾಟಕದಲ್ಲಿ ಮಾರ್ಗಸೂಚಿ ದರಗಳು 2023ರ ಅಕ್ಟೋಬರ್ 1ರಿಂದ ಪರಿಷ್ಕೃತವಾಗಿವೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ಬೀದಿಯ ದರವನ್ನು ನೋಡಬಹುದು. ಅಕ್ಕಪಕ್ಕದ ಕ್ರಯಪತ್ರಗಳ ದೃಢೀಕೃತ ನಕಲುಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆಯಬಹುದು. ಇಲ್ಲಿ ನಮ್ಮವರ ಒಂದು ಹಳೆಯ ಚಾಳಿ ನಮ್ಮನ್ನೇ ತಿವಿಯುತ್ತದೆ. ಮುದ್ರಾಂಕ ಶುಲ್ಕ ಉಳಿಸಲು ಅರ್ಧ ಬೆಲೆಯನ್ನಷ್ಟೇ ಪತ್ರದಲ್ಲಿ ಬರೆಸಿ, ಉಳಿದರ್ಧವನ್ನು ಕೈಯಿಂದ ಕೈಗೆ ಕೊಟ್ಟ ಬೀದಿಯಲ್ಲಿ ಸರಾಸರಿಯೂ ಅರ್ಧವೇ ಆಗಿರುತ್ತದೆ. ಹಾಗಾಗಿ ಬ್ಯಾಂಕ್ ಸಾಲ ಪಡೆದು ಕೊಂಡವರ ಪತ್ರಗಳನ್ನು ಹುಡುಕಿ. ಅವುಗಳಲ್ಲಿ ಬೆಲೆ ಸಾಮಾನ್ಯವಾಗಿ ಪೂರ್ತಿ ನಮೂದಾಗಿರುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಪಟ್ಟಣದ ವ್ಯಾಪ್ತಿಯಲ್ಲಿ 30×40 ಅಡಿಯ, ಅಂದರೆ 1,200 ಚದರ ಅಡಿಯ ನಿವೇಶನದಲ್ಲಿ ಹಳೆಯ ಮನೆಯೊಂದಿದೆ ಎಂದುಕೊಳ್ಳಿ. ಚದರ ಅಡಿಗೆ 2,000 ರೂಪಾಯಿಯಂತೆ ಜಾಗದ ಬೆಲೆ 24 ಲಕ್ಷ. ಕಟ್ಟಡ, ಬಾವಿ, ಮರಗಳ ಬೆಲೆ 8 ಲಕ್ಷ. ಎರಡೂ ಸೇರಿ 32 ಲಕ್ಷ. ಕಚೇರಿಗಳಲ್ಲಿ ಸೊಲೇಷಿಯಂ ಎಂದು ಕರೆಯುವ ಸಾಂತ್ವನ ಧನ ಇದರ ಶೇ. 100ರಷ್ಟು, ಅಂದರೆ ಇನ್ನೊಂದು 32 ಲಕ್ಷ. ಇದರ ಜೊತೆಗೆ ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪಿನವರೆಗೆ ಅಥವಾ ಜಾಗ ವಶವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಜಾಗದ ಬೆಲೆಯ ಮೇಲೆ ವರ್ಷಕ್ಕೆ ಶೇ. 12ರಂತೆ ಹೆಚ್ಚುವರಿ ಮೊತ್ತ ಸೇರುತ್ತದೆ. ಒಂದು ವರ್ಷ ಹಿಡಿದರೆ ಅದು 2.88 ಲಕ್ಷ. ಒಟ್ಟು 66.88 ಲಕ್ಷ. ಇದೇ ಮನೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದು ಗುಣಕ 1.5 ಆಗಿದ್ದರೆ ಜಾಗದ ಬೆಲೆ 36 ಲಕ್ಷವಾಗಿ, ಕಟ್ಟಡ ಸೇರಿ 44 ಲಕ್ಷವಾಗಿ, ಶೇ. 12ರ ಹೆಚ್ಚುವರಿ ಮೊತ್ತ ಸೇರಿಸುವ ಮುನ್ನವೇ ಸಾಂತ್ವನ ಧನದೊಂದಿಗೆ 88 ಲಕ್ಷವಾಗುತ್ತದೆ. ಎರಡನೆಯ ಹೆಜ್ಜೆಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ.

ಈಗ ಇದರ ಎದುರಿಗೆ ಇನ್ನೊಂದು ಲೆಕ್ಕ ಬರೆಯಿರಿ: ಅದೇ ಊರಿನಲ್ಲಿ, ಮಕ್ಕಳ ಶಾಲೆ ಮತ್ತು ಹಿರಿಯರ ಆಸ್ಪತ್ರೆ ದೂರವಾಗದಂತೆ ಮತ್ತೆ ನೆಲೆಯೂರಲು ಎಷ್ಟು ಬೇಕು? ಅಷ್ಟೇ ಅಳತೆಯ ನಿವೇಶನ ನಿಜವಾದ ಪೇಟೆಯ ದರದಲ್ಲಿ ಚದರ ಅಡಿಗೆ 3,500 ರೂಪಾಯಿ ಎಂದರೆ 42 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರಗಳು, 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಶೇ. 7.6ರಂತೆ 3.19 ಲಕ್ಷ. ಸಾವಿರ ಚದರ ಅಡಿಯ ಸಾಧಾರಣ ಮನೆಗೆ 20 ಲಕ್ಷ. ಮನೆ ಏಳುವವರೆಗೆ ಹದಿನೆಂಟು ತಿಂಗಳ ಬಾಡಿಗೆ, ತಿಂಗಳಿಗೆ 12,000ದಂತೆ 2.16 ಲಕ್ಷ. ಒಟ್ಟು 67.35 ಲಕ್ಷ. ಕಾಯ್ದೆಯಂತೆ ಬರುವ ಮೊತ್ತಕ್ಕೂ ಮತ್ತೆ ಮನೆ ಮಾಡುವ ಖರ್ಚಿಗೂ ಸರಿಸುಮಾರು ತಾಳೆಯಾಯಿತು. ಇದೇ ಮನೆಗೆ ನೇರ ಖರೀದಿಯಲ್ಲಿ 55 ಲಕ್ಷ ಕೊಡುತ್ತೇವೆ, ಬೇಗ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಆ ಬೇಗದ ಬೆಲೆ 12 ಲಕ್ಷ ರೂಪಾಯಿ ಎಂದು ನಿಮಗೆ ಆಗ ಕಾಣುತ್ತದೆ. ನಿಮ್ಮ ಅಂಕಿಗಳು ಬೇರೆಯಿರುತ್ತವೆ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಬರೆಯುವ ಕ್ರಮವನ್ನು ಮಾತ್ರ ಬಿಡಬೇಡಿ.

ಪರಿಹಾರದ ಹಣವಲ್ಲದೆ ಪುನರ್ವಸತಿಯ ಬಾಬ್ತೊಂದಿದೆ, ಮತ್ತು ಬಹಳ ಮಂದಿ ಅದನ್ನು ಕೇಳುವುದನ್ನೇ ಮರೆಯುತ್ತಾರೆ. ಕಾಯ್ದೆಯ ಎರಡನೆಯ ಅನುಸೂಚಿಯಂತೆ ನೆಲೆ ತಪ್ಪಿದ ಪ್ರತಿ ಕುಟುಂಬಕ್ಕೆ ಒಂದು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಜೀವನಾಧಾರ ಭತ್ಯೆ, ಸಾಗಣೆಗೆ 50,000 ರೂಪಾಯಿ, ಒಂದು ಬಾರಿಯ ಪುನರ್ವ್ಯವಸ್ಥೆ ಭತ್ಯೆ 50,000 ರೂಪಾಯಿ ಇವೆ. ದನದ ಕೊಟ್ಟಿಗೆ ಅಥವಾ ಚಿಲ್ಲರೆ ಅಂಗಡಿ ಹೋದವರಿಗೆ ಕನಿಷ್ಠ 25,000 ರೂಪಾಯಿ ಬೇರೆ. ಮನೆ ಕಳೆದುಕೊಂಡವರಿಗೆ ಮನೆಯೇ ಸಿಗಬೇಕೆಂದೂ, ನಗರದಲ್ಲಿ ಅದರ ತಳಪಾಯದ ವಿಸ್ತೀರ್ಣ 50 ಚದರ ಮೀಟರಿಗೆ ಕಡಿಮೆಯಿರಬಾರದೆಂದೂ ಅಲ್ಲಿದೆ. ಕುಟುಂಬ ಎಂಬ ಪದಕ್ಕೆ ಕಾಯ್ದೆ ಕೊಟ್ಟಿರುವ ಅರ್ಥವನ್ನು ಗಮನಿಸಿ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬವಾದರೆ, ವಯಸ್ಕರಾದ ಮಗ ಅಥವಾ ಮಗಳು ಮದುವೆಯಾಗಿರಲಿ ಬಿಡಲಿ ಬೇರೆ ಕುಟುಂಬ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದ ಹೆಣ್ಣುಮಗಳು ಪ್ರತ್ಯೇಕ ಕುಟುಂಬ. ಒಂದೇ ಒಲೆಯಲ್ಲಿ ಉಣ್ಣುವ ಮನೆಯಲ್ಲಿ ಕಾಯ್ದೆಯ ಕಣ್ಣಿಗೆ ಮೂರು ನಾಲ್ಕು ಕುಟುಂಬಗಳಿರಬಹುದು. ಸಮೀಕ್ಷೆಗೆ ಬಂದವರು ಮನೆಯ ಯಜಮಾನರ ಹೆಸರೊಂದನ್ನೇ ಬರೆದುಕೊಂಡು ಹೊರಟರೆ ಅವರನ್ನು ನಿಲ್ಲಿಸಿ ಉಳಿದವರ ಹೆಸರನ್ನೂ ಬರೆಸಿ. ಪಡಿತರ ಚೀಟಿ ಮತ್ತು ಮತದಾರರ ಪಟ್ಟಿಯ ಪ್ರತಿಗಳನ್ನು ಕೈಯಲ್ಲಿಟ್ಟುಕೊಂಡಿರಿ.

ನಾಲ್ಕನೆಯ ಹೆಜ್ಜೆ: ಕಟ್ಟಡವನ್ನು ನೀವೇ ಅಳೆಸುವುದು

ಕಟ್ಟಡದ ಬೆಲೆಯನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಮೇಲೆ ಎಂಜಿನಿಯರುಗಳೂ, ತೆಂಗು ಮತ್ತು ಹಣ್ಣಿನ ಮರಗಳ ಬೆಲೆಯನ್ನು ತೋಟಗಾರಿಕೆ ಇಲಾಖೆಯವರೂ, ತೇಗ ಮತ್ತು ಸಿಲ್ವರ್ ಮರಗಳನ್ನು ಅರಣ್ಯ ಇಲಾಖೆಯವರೂ ನಿರ್ಧರಿಸುವುದು ರೂಢಿ. ಹಳೆಯ ತೊಟ್ಟಿಮನೆಗಳಿಗೆ ಇಲ್ಲಿ ಅನ್ಯಾಯವಾಗುವ ಸಂಭವ ಹೆಚ್ಚು. ಸುಣ್ಣದ ಗಾರೆ, ಮದ್ರಾಸ್ ತಾರಸಿ, ಹಲಸಿನ ಕಂಬ, ಕಲ್ಲು ಚಪ್ಪಡಿಯ ಅಂಗಳ ಇವುಗಳಿಗೆ ಇಂದಿನ ದರಪಟ್ಟಿಯಲ್ಲಿ ನೇರ ಸಾಲು ಸಿಗದೆ, ಹೆಂಚಿನ ಮನೆ ಎಂಬ ಒಂದೇ ಪದದಲ್ಲಿ ಎಲ್ಲವೂ ಮುಗಿದುಬಿಡಬಹುದು. ನೋಂದಾಯಿತ ಮೌಲ್ಯಮಾಪಕರೊಬ್ಬರಿಂದ ಪ್ರತ್ಯೇಕ ವರದಿ ಮಾಡಿಸಿ, ಜಂಟಿ ಅಳತೆಯ ದಿನ ಅದನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಿ. ನೆಲದಡಿಯ ಸಂಪು, ಶೌಚದ ಗುಂಡಿ, ಕೊಳವೆಬಾವಿ, ಕಾಂಪೌಂಡಿನ ತಳಪಾಯ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಅಳತೆಯ ಪುಸ್ತಕಕ್ಕೆ ಸಹಿ ಕೇಳಿದರೆ, ಅಳತೆಗೆ ಮಾತ್ರ ಹಾಜರು, ದರಕ್ಕೆ ಒಪ್ಪಿಗೆ ಇಲ್ಲ ಎಂದು ಕೈಬರಹದಲ್ಲಿ ಬರೆದು ಅದರ ಕೆಳಗೆ ಸಹಿ ಮಾಡಿ. ನಮ್ಮ ದೊಡ್ಡಪ್ಪನವರಿಗೆ ಈ ಒಂದು ಸಾಲನ್ನು ಹೇಳಿಕೊಡುವವರು ಅಂದು ಪಕ್ಕದಲ್ಲಿರಲಿಲ್ಲ.

ಐದನೆಯ ಹೆಜ್ಜೆ: ಮನೆಯ ಹಕ್ಕುದಾರರೆಲ್ಲರನ್ನೂ ಕೂರಿಸುವುದು

ಹಣ ತಡವಾಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಸರ್ಕಾರದ ಖಜಾನೆಯಲ್ಲಿಲ್ಲ, ನಮ್ಮ ಖಾತೆಗಳಲ್ಲಿದೆ. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆ, ಪೌತಿ ಖಾತೆ ಮಾಡಿಸದೆ ಕಳೆದ ಮೂವತ್ತು ವರ್ಷ, ಬಾಯಿಮಾತಿನಲ್ಲಿ ಆದ ವಿಭಾಗ, ಗ್ರಾಮಠಾಣೆಯ ಜಾಗವಾದ್ದರಿಂದ ಪಹಣಿಯೇ ಇಲ್ಲದಿರುವುದು, ಇವೆಲ್ಲ ಹೊರಬರುವುದು ಪರಿಹಾರದ ಪಟ್ಟಿ ಪ್ರಕಟವಾದಾಗ. ಹಕ್ಕಿನ ಬಗ್ಗೆ ವಿವಾದವಿದ್ದರೆ ಹಣ ಯಾರ ಕೈಗೂ ಬಾರದೆ, ಇಂಥ ವಿವಾದಗಳನ್ನು ತೀರ್ಮಾನಿಸುವ ಭೂಸ್ವಾಧೀನ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ, ಮತ್ತು ಅಲ್ಲಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಕಂಡಿರುತ್ತಾರೆ.

ಹೆಣ್ಣುಮಕ್ಕಳ ಭಾಗವನ್ನು ಕುರಿತು ವಿಶೇಷವಾಗಿ ಹೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ, ಮತ್ತು ತಂದೆ ಆ ವೇಳೆಗೆ ಬದುಕಿದ್ದಿರಲೇಬೇಕು ಎಂಬ ಷರತ್ತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಸೋದರತ್ತೆಯನ್ನು ಸಹಿಗಾಗಿ ಕರೆದಾಗ ಅವರು, “ನಂದ್ಯಾಕ್ರಪ್ಪಾ ಸೈನು, ಮನೆ ನಿಮ್ದಲ್ವಾ” ಎಂದು ನಕ್ಕಿದ್ದರು. ಆ ನಗುವನ್ನು ಹಕ್ಕುಬಿಡುಗಡೆಯ ಪತ್ರವೆಂದು ತಿಳಿಯಬಾರದು. ಎಲ್ಲರನ್ನೂ ಒಮ್ಮೆ ಕೂರಿಸಿ, ವಂಶವೃಕ್ಷವನ್ನು ನಾಡಕಚೇರಿಯಿಂದ ಪಡೆದು, ಯಾರಿಗೆ ಎಷ್ಟು ಭಾಗ ಎಂಬುದನ್ನು ಒಪ್ಪಿ ಬರೆದು ನೋಂದಾಯಿಸಿದ ಮೇಲೆಯೇ ಕಚೇರಿಯ ಮೆಟ್ಟಿಲು ಹತ್ತಿ. ಹೊರದೇಶದಲ್ಲಿರುವ ಮಕ್ಕಳ ಅಧಿಕಾರ ಪತ್ರ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣದೊಂದಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕೂ ಒಬ್ಬ ಹಕ್ಕುದಾರನೇ; ಬಾಕಿ ಎಷ್ಟೆಂಬ ಪತ್ರವನ್ನು ಮುಂಚೆಯೇ ತರಿಸಿಡಿ. ಸರ್ಕಾರದ ಹಕ್ಕುಪತ್ರದ ಮೂಲಕ ಪರಿಶಿಷ್ಟ ಜಾತಿ ಅಥವಾ ಪಂಗಡದ ಹಿರಿಯರಿಗೆ ಮಂಜೂರಾದ ಜಾಗವನ್ನು ಆಮೇಲೆ ಯಾರಾದರೂ ಕೊಂಡದ್ದಾದರೆ 1978ರ ಪರಭಾರೆ ನಿಷೇಧ ಕಾಯ್ದೆಯ ಪ್ರಶ್ನೆ ಏಳುತ್ತದೆ. ಅಂಥ ಕಡತವನ್ನು ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಮನೆಯ ಒಂದು ಭಾಗ ಮಾತ್ರ ಹೋಗುವುದಾದರೆ

2013ರ ಕಾಯ್ದೆಯ 94ನೆಯ ಕಲಂ ಮನೆಯ ಅಥವಾ ಕಟ್ಟಡದ ಒಂದು ಭಾಗವನ್ನಷ್ಟೇ ಸ್ವಾಧೀನಪಡಿಸಿಕೊಳ್ಳುವಾಗ, ಇಡೀ ಕಟ್ಟಡವನ್ನು ತೆಗೆದುಕೊಳ್ಳಿ ಎಂದು ಕೇಳುವ ಹಕ್ಕನ್ನು ಮಾಲೀಕರಿಗೆ ಕೊಡುತ್ತದೆ. ಐತೀರ್ಪು ಆಗುವ ಮುನ್ನವೇ ಇದನ್ನು ಲಿಖಿತವಾಗಿ ಕೇಳಬೇಕು. ಕೇಳುವುದು ಒಳ್ಳೆಯದೋ ಅಲ್ಲವೋ ಎಂಬುದು ಉಳಿಯುವ ತುಂಡಿನ ಮೇಲೆ ನಿಂತಿದೆ. ಅಗಲವಾದ ರಸ್ತೆಯ ಮಗ್ಗುಲಿಗೆ ಇಪ್ಪತ್ತು ಅಡಿ ಆಳದ ಜಾಗ ಉಳಿದರೆ ಅಂಗಡಿ ಮಳಿಗೆಯಾಗಿ ಅದರ ಬೆಲೆ ಹಿಂದಿನ ಇಡೀ ಮನೆಗಿಂತ ಹೆಚ್ಚಾದದ್ದೂ ಉಂಟು. ಆದರೆ ಪ್ರವೇಶ ನಿಯಂತ್ರಿತ ಹೆದ್ದಾರಿಯ ತಂತಿಬೇಲಿಯ ಹಿಂದೆ ಎಂಟು ಅಡಿ ಉಳಿದರೆ ಅದಕ್ಕೆ ಕೊಳ್ಳುವವರಿಲ್ಲ, ಕಟ್ಟಲು ಪರವಾನಗಿಯಿಲ್ಲ, ಕಂದಾಯ ಮಾತ್ರ ತಪ್ಪದು. ರಸ್ತೆಯ ಅಂಚಿನಿಂದ ಎಷ್ಟು ಅಡಿ ಬಿಟ್ಟು ಕಟ್ಟಬೇಕು, ಒಳಬರಲು ದಾರಿ ಸಿಗುತ್ತದೆಯೇ ಎಂಬುದನ್ನು ಸ್ಥಳೀಯ ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿ ಆಮೇಲೆ ನಿರ್ಧರಿಸಿ. ನಮ್ಮ ಅಡುಗೆಮನೆ ಹಿತ್ತಲಿನ ತುಂಡು ಎರಡನೆಯ ಬಗೆಯದು.

ಒಪ್ಪುವುದೋ, ಪ್ರತಿಭಟನೆಯೊಂದಿಗೆ ಪಡೆಯುವುದೋ

ಈ ಎಲ್ಲ ಕಾಗದಗಳು ಕೈಯಲ್ಲಿದ್ದಾಗ ಆಯ್ಕೆ ಬಹಳ ಕಿರಿದಾಗುತ್ತದೆ. ಸಮ್ಮತಿ ಪತ್ರಕ್ಕೆ ಸಹಿ ಹಾಕಿದರೆ ಹಣ ಬೇಗ ಬರುತ್ತದೆ, ಆದರೆ ಹೆಚ್ಚಿನ ಪರಿಹಾರ ಕೇಳುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಸಮ್ಮತಿಸದೆ ಸಾಮಾನ್ಯ ಐತೀರ್ಪಿಗೆ ಕಾದವರು ಹಣವನ್ನು ನಿರಾಕರಿಸಬೇಕಿಲ್ಲ; ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ ಎಂದು ರಶೀದಿಯ ಮೇಲೆ ಬರೆದು ಹಣ ಪಡೆದು, ಆಮೇಲೆ 64ನೆಯ ಕಲಮಿನಡಿ ಪ್ರಕರಣವನ್ನು ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಅರ್ಜಿ ಹಾಕಬಹುದು. ಆ ಮಾತುಗಳನ್ನು ಬರೆಯದೆ ಹಣ ಪಡೆದವರಿಗೆ ಈ ಅವಕಾಶವಿಲ್ಲ. ಐತೀರ್ಪಿನ ವೇಳೆ ಹಾಜರಿದ್ದರೆ ಗಡುವು ಆರು ವಾರ. ಹಾಜರಿರದಿದ್ದರೆ ನೋಟಿಸು ತಲುಪಿದ ದಿನದಿಂದ ಆರು ವಾರ ಅಥವಾ ಐತೀರ್ಪಿನ ದಿನದಿಂದ ಆರು ತಿಂಗಳು, ಇವುಗಳಲ್ಲಿ ಮೊದಲು ಮುಗಿಯುವುದು.

ಕಾಯುವುದಕ್ಕೂ ಬೆಲೆಯಿದೆ ಎಂಬುದನ್ನು ಮುಚ್ಚಿಡಬಾರದು. 11ನೆಯ ಕಲಮಿನ ಅಧಿಸೂಚನೆ ಹೊರಟ ಮೇಲೆ ಆ ಆಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಸೋರುವ ಮಾಡನ್ನು ರಿಪೇರಿ ಮಾಡಿಸಲೂ ಮನಸ್ಸು ಬಾರದೆ ವರ್ಷಗಳು ಹೋಗುತ್ತವೆ. ಆದ್ದರಿಂದ ನಕ್ಷೆ ಅಂತಿಮವಾಗಿದ್ದು, ಇಡೀ ಮನೆ ಹೋಗುವುದಾಗಿದ್ದು, ಕೊಡುವ ಮೊತ್ತ ನಿಮ್ಮ ಮೂರನೆಯ ಹೆಜ್ಜೆಯ ಲೆಕ್ಕಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆಯಿದ್ದರೂ, ಪುನರ್ವಸತಿಯ ಬಾಬ್ತುಗಳು ಆ ಕಾಗದದಲ್ಲಿಯೇ ಬರೆದಿದ್ದರೆ ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತೇನೆ; ವ್ಯಾಜ್ಯದ ವರ್ಷಗಳು ಆ ಒಂದು ಪಾಲನ್ನು ಸುಲಭವಾಗಿ ನುಂಗುತ್ತವೆ. ಅಂತರ ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಪುನರ್ವಸತಿಯ ಮಾತನ್ನು ಆಮೇಲೆ ನೋಡೋಣ ಎಂದರೆ, ಅಥವಾ ಮನೆಯವರಲ್ಲಿ ಒಬ್ಬರು ಇನ್ನೂ ಸಹಿ ಹಾಕಿಲ್ಲದಿದ್ದರೆ, ಕಾಗದವನ್ನು ಮಡಿಸಿ ವಾಪಸು ಕೊಟ್ಟು ಐತೀರ್ಪಿಗೆ ಕಾಯಿರಿ. ಇದೇ ಕೊನೆಯ ದಿನ, ನಾಳೆ ಬಂದರೆ ದರ ಇಳಿಯುತ್ತದೆ ಎಂಬ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ.

ಇಲ್ಲಿ ಮನೆಯ ಹಿರಿಯರ ಮಾತಿಗೆ ಅಂಕಿಗಳಿಗಿಂತ ಹೆಚ್ಚು ತೂಕ ಕೊಡಬೇಕಾದ ಸಂದರ್ಭವೂ ಇದೆ. ದೊಡ್ಡಮ್ಮ ಕೇಳಿದ್ದು ದುಡ್ಡಿನ ಪ್ರಶ್ನೆಯಲ್ಲ, ತಮ್ಮ ತುಳಸಿಕಟ್ಟೆಯಿಂದ ಹೊಸ ಮನೆಗೆ ನಡೆದು ಹೋಗಲಾಗುವಷ್ಟು ದೂರವಿರುತ್ತದೆಯೇ ಎಂದು. ಅದೇ ಊರಿನಲ್ಲಿ ನಿವೇಶನ ಸಿಕ್ಕುವವರೆಗೆ ಸಹಿಯನ್ನು ಮುಂದೂಡಲು ಅದೊಂದೇ ಕಾರಣ ಸಾಕಾಗಬೇಕಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಹಣ ಬಂದಾಗ

2013ರ ಕಾಯ್ದೆಯಡಿ ಆದ ಐತೀರ್ಪಿನ ಅಥವಾ ಒಪ್ಪಂದದ ಹಣಕ್ಕೆ 96ನೆಯ ಕಲಮಿನಂತೆ ಆದಾಯ ತೆರಿಗೆ ಇಲ್ಲ, ಮತ್ತು ನೇರ ತೆರಿಗೆಗಳ ಮಂಡಳಿ 2016ರ ಅಕ್ಟೋಬರಿನ ಸುತ್ತೋಲೆಯಲ್ಲಿ ಇದನ್ನು ದೃಢಪಡಿಸಿದೆ. ಹಾಗಿದ್ದೂ ಮೂಲದಲ್ಲಿಯೇ ತೆರಿಗೆ ಕಡಿತವಾಗಿದ್ದರೆ ವಿವರಪಟ್ಟಿ ಸಲ್ಲಿಸಿ ಮರಳಿ ಪಡೆಯಬೇಕು. ನೇರ ಖರೀದಿಯ ಕ್ರಯಪತ್ರಕ್ಕೆ ಈ ವಿನಾಯಿತಿ ತಾನಾಗಿ ಸಿಗುತ್ತದೆಂದು ನಂಬಿ ಕೂರಬೇಡಿ. ಬಂಡವಾಳ ಲಾಭದ ತೆರಿಗೆ ಬಿದ್ದರೆ ಎರಡು ವರ್ಷದೊಳಗೆ ಮನೆ ಕೊಂಡು ಅಥವಾ ಮೂರು ವರ್ಷದೊಳಗೆ ಕಟ್ಟಿ ಅದನ್ನು ತಪ್ಪಿಸಬಹುದೇ ಎಂದು ಲೆಕ್ಕ ಪರಿಶೋಧಕರನ್ನು ಸಹಿಗೆ ಮುಂಚೆಯೇ ಕೇಳಿ. ಎರಡು ದರಗಳನ್ನು ಹೋಲಿಸುವಾಗ ತೆರಿಗೆ ಕಳೆದ ಮೇಲೆ ಕೈಗೆ ಉಳಿಯುವ ಮೊತ್ತವನ್ನೇ ಹೋಲಿಸಬೇಕು.

ಸ್ವಾಧೀನದ ಸಂದರ್ಭದಲ್ಲಿ ಪೂರ್ತಿ ಪರಿಹಾರ ಪಾವತಿಯಾಗದೆ ಮನೆಯ ವಶ ಕೇಳುವಂತಿಲ್ಲ. ಪರಿಹಾರ ಐತೀರ್ಪಿನಿಂದ ಮೂರು ತಿಂಗಳೊಳಗೆ, ಪುನರ್ವಸತಿಯ ನಗದು ಆರು ತಿಂಗಳೊಳಗೆ ಸಲ್ಲಬೇಕೆಂದು 38ನೆಯ ಕಲಂ ಹೇಳುತ್ತದೆ. ಹಣ ಸಂದಾಯವಾಗುವ ಮುನ್ನವೇ ವಶಕ್ಕೆ ಪಡೆದರೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15ರ ಬಡ್ಡಿ ಸೇರಬೇಕು.

ಮನೆ ಬಿಡುವ ದಿನ

ಬಾಗಿಲು, ಕಿಟಕಿ, ತೊಲೆ, ಹೆಂಚು ಯಾರಿಗೆ ಸೇರುತ್ತವೆ ಎಂಬುದನ್ನು ಮುಂಚೆಯೇ ಬರೆಸಿಕೊಳ್ಳಿ; ಕಳಚಿದ ಸಾಮಗ್ರಿಯನ್ನು ಮಾಲೀಕರು ಒಯ್ಯಬಹುದೆಂದಿದ್ದರೆ ಅದರ ಬೆಲೆಯನ್ನು ಪರಿಹಾರದಲ್ಲಿ ಕಡಿತ ಮಾಡಿದ್ದಾರೆಯೇ ಎಂದು ಪಟ್ಟಿಯಲ್ಲಿ ನೋಡಿ. ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಯಲ್ಲಿ ಮೀಟರನ್ನು ಹಿಂತಿರುಗಿಸಿ ಠೇವಣಿ ವಾಪಸು ಪಡೆಯಿರಿ, ನೀರಿನ ಸಂಪರ್ಕವನ್ನು ಲಿಖಿತವಾಗಿ ಮುಗಿಸಿ, ಆ ವರ್ಷದವರೆಗಿನ ಕಂದಾಯದ ರಶೀದಿಯನ್ನು ಇಟ್ಟುಕೊಳ್ಳಿ. ಇಲ್ಲವಾದರೆ ಇಲ್ಲದ ಮನೆಗೆ ಬಿಲ್ಲು ಬರುತ್ತಲೇ ಇರುತ್ತದೆ. ಪ್ರತಿ ಕೋಣೆಯ ಛಾಯಾಚಿತ್ರವನ್ನು ದಿನಾಂಕ ಕಾಣುವಂತೆ ತೆಗೆಯಿರಿ. ವಶಪಡಿಸಿಕೊಳ್ಳುವಾಗ ಬರೆಯುವ ಮಹಜರಿನಲ್ಲಿ ಮನೆಯ ಅಳತೆ, ಮರಗಳ ಸಂಖ್ಯೆ, ಆ ದಿನದ ದಿನಾಂಕ ಸರಿಯಿದೆಯೇ ಎಂದು ನಿಧಾನವಾಗಿ ಓದಿ, ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ, ಪ್ರತಿಯೊಂದನ್ನು ಅಲ್ಲಿಯೇ ಕೇಳಿ ಪಡೆದ ಮೇಲೆ ಬೀಗದ ಕೈ ಕೊಡಿ.